ರಣಜಿಯ ಮೊದಲ ಬಾಲು ಬಿದ್ದಿದ್ದು ನಮ್ಮ ಮೈಸೂರಿನವರ ಎದುರಿಗೇ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರ ಕ್ರೀಡಾಪುಟದಲ್ಲಿ ಎರಡೆರಡು ಆಟ ಆಡಿದವರ ಬಗ್ಗೆ ಪುಟ ಪೂರ್ತಿ ಹಾಕಿದ್ರಿ, ನೋಡಿ ಖುಷಿಯಾಯ್ತು. ಟೆನಿಸ್ಸಿಂದ ಕ್ರಿಕೆಟ್ಟಿಗೆ ಹೋಗಿ ವಾಪಸ್ ಟೆನಿಸ್ಸಿಗೆ ಬಂದ ಆಶ್ ಬಾರ್ಟಿಗೆ ಅರ್ಧ ಪುಟ, ಫೋಟೋ, ಎಲ್ಲಾ ಚೆನ್ನಾಗಿತ್ತು. ಆದ್ರೆ ಕೆಳಗಡೆ ಮೂಲೇಲಿ ಎಂ.ಜೆ. ಗೋಪಾಲನ್ ಬಗ್ಗೆ ನಾಲ್ಕೇ ನಾಲ್ಕು ಸಾಲಿನ ಒಂದು ಬಾಕ್ಸು, ಅದಕ್ಕೆ ಹೆಡ್ಡಿಂಗು 'ಚಿನ್ನ ಕಳ್ಕೊಂಡ ಆಟಗಾರ' ಅಂತ. 1936ರಲ್ಲಿ ಹಾಕಿ ಬಿಟ್ಟು ಕ್ರಿಕೆಟ್ ಟೂರಿಗೆ ಹೋದ್ರು, ಅಲ್ಲಿ ಒಂದು ಟೆಸ್ಟೂ ಸಿಗ್ಲಿಲ್ಲ, ಅತ್ತ ಬರ್ಲಿನ್ ಒಲಿಂಪಿಕ್ಸಲ್ಲಿ ಹಾಕಿ ಟೀಮು ಚಿನ್ನ ಗೆದ್ದುಬಿಡ್ತು, ಅಯ್ಯೋ ಪಾಪ, ಮುಗೀತು. ಇಂಗ್ಲಿಷ್ ಪೇಪರಿನವರೂ ವರ್ಷಗಟ್ಟಲೆಯಿಂದ ಇದೇ ಕಥೆ ಹೇಳ್ತಾ ಬಂದಿದ್ದಾರೆ, ಅವರನ್ನ ಬಿಡಿ, ಆದ್ರೆ ಒಂದು ಕನ್ನಡ ಪೇಪರು ಗೋಪಾಲನ್ ಬಗ್ಗೆ ಬರೀವಾಗ ಮೈಸೂರು ಅನ್ನೋ ಹೆಸರೇ ಬರದೆ ಹೋಯ್ತಲ್ಲ ಅಂತ ನಂಗೆ ತಡ್ಕೊಳೋಕೆ ಆಗ್ಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ದಯವಿಟ್ಟು ಮಧ್ಯದಲ್ಲಿ ಹಾಕಿ, ಮೈಸೂರಿನ ವಿಷಯ ಮಾತ್ರ ಉಳಿಸಿ.

1934ನೇ ಇಸವಿ ನವೆಂಬರ್ 4, ಮದ್ರಾಸಿನ ಚೆಪಾಕ್ ಗ್ರೌಂಡು. ನಾವೀಗ ರಣಜಿ ಟ್ರೋಫಿ ಅಂತೀವಲ್ಲ, ಅದರ ಮೊಟ್ಟಮೊದಲ ಮ್ಯಾಚು, ಮದ್ರಾಸಿಗೂ ಮೈಸೂರಿಗೂ, ಅಂದ್ರೆ ಈಗಿನ ಕರ್ನಾಟಕ ಟೀಮಿಗೂ. ಬ್ಯಾಟಿಂಗ್ ಮೊದಲು ನಮ್ಮವರದು. ಕ್ರೀಸಲ್ಲಿ ಮೈಸೂರಿನ ಎನ್. ಕರ್ಟಿಸ್, ಎದುರಿಗೆ ಇಪ್ಪತ್ತೈದು ವರ್ಷದ ಹುಡುಗ ಗೋಪಾಲನ್, ಮೀಡಿಯಂ ಫಾಸ್ಟ್. ಆ ಹುಡುಗ ಓಡಿ ಬಂದು ಹಾಕಿದ್ದೇ ರಣಜಿಯ ಮೊದಲ ಬಾಲು. ಅಲ್ಲಿಂದ ಇಲ್ಲೀವರೆಗೆ ಆ ಟೂರ್ನಮೆಂಟಲ್ಲಿ ಎಷ್ಟು ಲಕ್ಷ ಬಾಲ್ ಬಿದ್ದಿದೆಯೋ ಲೆಕ್ಕ ಹಾಕ್ಕೊಳಿ, ಮೊದಲನೇದು ಅವರ ಕೈಯಿಂದ ಹೊರಟು ನಮ್ಮವರ ಬ್ಯಾಟಿನ ಕಡೆಗೆ ಬಂದಿದ್ದು.

ಆಮೇಲೆ ಏನಾಯ್ತು ಅನ್ನೋದನ್ನ ಹೇಳೋಕೆ ಸ್ವಲ್ಪ ನಾಚಿಕೆ, ಆದ್ರೂ ಹೇಳ್ಬಿಡ್ತೀನಿ. ಮೈಸೂರು 48ಕ್ಕೆ ಆಲೌಟ್. ಮದ್ರಾಸಿನವರೇನು ಬೆಟ್ಟ ಕಡಿದು ಹಾಕ್ಲಿಲ್ಲ, ಅವರದ್ದೂ ಬರೀ 130. ಆದ್ರೆ ಎರಡನೇ ಸಲ ನಮ್ಮವರು 59ಕ್ಕೆ ಗಂಟುಮೂಟೆ ಕಟ್ಟಿದ್ರು, ಇನಿಂಗ್ಸ್ ಮತ್ತು 23 ರನ್ ಸೋಲು, ಎಲ್ಲಾ ಒಂದೇ ದಿನದಲ್ಲಿ, ಬೆಳಿಗ್ಗೆ ಶುರುವಾದ ಮ್ಯಾಚು ಅವತ್ತೇ ಮುಗೀತು. ಮೂವತ್ತು ವಿಕೆಟ್ಟು ಒಂದು ದಿನಕ್ಕೆ! ಎ.ಜಿ. ರಾಮ್ ಸಿಂಗ್ ಒಬ್ಬರೇ ಎರಡೂ ಇನಿಂಗ್ಸ್ ಸೇರಿ ಹನ್ನೊಂದು ಕಿತ್ತರು. ಇದನ್ನ ನಾನು ಯಾರಿಗಾದ್ರೂ ಹೇಳಿದ್ರೆ ನಂಬೋದೇ ಇಲ್ಲ, ಕರ್ನಾಟಕನಾ, ಒಂದೇ ದಿನಾನಾ ಅಂತಾರೆ. ಹೌದು ಸ್ವಾಮಿ, ನಮ್ಮ ರಣಜಿ ಕಥೆ ಶುರುವಾಗಿದ್ದೇ ಹಾಗೆ, ಆಮೇಲೆ ಟ್ರೋಫಿ ಕೈಗೆ ಬರೋಕೆ 1974ರ ತನಕ ಕಾಯ್ಬೇಕಾಯ್ತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಕಾಲದ ಆ ಗೆಲುವನ್ನ ನಾವು ನೂರು ಸಲ ಬರ್ದಿದೀವಿ, ಆದ್ರೆ 48ಕ್ಕೆ ಉದುರಿದ ದಿನಾನ ಯಾರೂ ಬರೆಯಲ್ಲ. ಬರೀಬೇಕು ಅಂತ ನನ್ನ ಅನಿಸಿಕೆ, ಸೋತ ಮ್ಯಾಚೂ ಮನೆಯದೇ ತಾನೇ.

ಸರಿ, ಈಗ ಗೋಪಾಲನ್ ವಿಷಯಕ್ಕೆ ಬರ್ತೀನಿ. ಚೆಂಗಲ್‌ಪಟ್ಟು ಕಡೆಯ ಮೊರಪ್ಪಾಕ್ಕಮ್ ಅನ್ನೋ ಹಳ್ಳಿ ಅವರದ್ದು, ಬೆಳೆದಿದ್ದು ಮದ್ರಾಸಿನ ತಿರುವಲ್ಲಿಕೇಣಿಯಲ್ಲಿ. ಅಲ್ಲಿ ಆಡ್ತಿದ್ದ ಹುಡುಗನನ್ನ ಸಿ.ಪಿ. ಜಾನ್‌ಸ್ಟನ್ ಅನ್ನೋ ಇಂಗ್ಲಿಷ್ ದೊರೆ ಗುರುತಿಸಿ ಬರ್ಮಾ ಶೆಲ್ ಕಂಪನೀಲಿ ಒಂದು ಕೆಲಸಾನೂ ಕೊಡಿಸಿದ್ರು. ಈ ಕೆಲಸದ ವಿಷಯ ನಿಮಗೆ ಸಣ್ಣದು ಅನ್ನಿಸಬಹುದು, ನಂಗೆ ಹಾಗನ್ಸಲ್ಲ. ಆಗ ಹಾಕಿ ಆಡಿದ್ರೂ ದುಡ್ಡಿಲ್ಲ, ಕ್ರಿಕೆಟ್ ಆಡಿದ್ರೂ ದುಡ್ಡಿಲ್ಲ, ಎರಡೂ ಬರಿಗೈ ಆಟ, ಹೊಟ್ಟೆಪಾಡು ಆಫೀಸಿನ ಮೇಜಿನಿಂದ. ಅದಕ್ಕೇ ಎರಡನ್ನೂ ಆಡೋಕೆ ಸಾಧ್ಯ ಆಯ್ತು. ಈ ಆಟ ಬಿಟ್ರೆ ಇಷ್ಟು ಲಾಸು, ಆ ಆಟ ಹಿಡಿದ್ರೆ ಅಷ್ಟು ಲಾಭ ಅನ್ನೋ ಲೆಕ್ಕಾನೇ ಇರ್ಲಿಲ್ಲ. ಸಂಜೆ ಯಾವ ಗ್ರೌಂಡಲ್ಲಿ ಜನ ಸೇರಿದ್ದಾರೋ ಅಲ್ಲಿಗೆ ಹೋಗೋದು, ಅಷ್ಟೇ.

ಹಾಕೀಲಿ ಅವರ ಜಾಗ ಸೆಂಟರ್ ಹಾಫ್. ಈಗಿನ ಹುಡುಗರಿಗೆ ಆ ಜಾಗದ ಕಷ್ಟ ಗೊತ್ತಾಗಲ್ಲ. ಐದು ಜನ ಫಾರ್ವರ್ಡ್ಸು ಮುಂದೆ, ಇಬ್ಬರು ಬ್ಯಾಕ್ ಹಿಂದೆ, ನಡುವೆ ಮೂವರು ಹಾಫ್, ಆ ಮೂವರಲ್ಲೂ ನಟ್ಟನಡುವಿನವನು ಇವನು. ಎದುರಾಳಿ ಅಟ್ಯಾಕ್ ಮಾಡಿದ್ರೆ ಹಿಂದಕ್ಕೆ ಓಡ್ಬೇಕು, ನಮ್ಮವರು ಅಟ್ಯಾಕ್ ಮಾಡಿದ್ರೆ ಮುಂದಕ್ಕೆ ಓಡ್ಬೇಕು, ಗೋಲ್ ಹೊಡೆದ ಹೆಸರು ಮುಂದಿನವರಿಗೆ, ಗೋಲ್ ಬಿಟ್ಟ ಬೈಗುಳ ಹಿಂದಿನವರಿಗೆ, ಸೆಂಟರ್ ಹಾಫ್‌ಗೆ ಸಿಗೋದು ಬೆನ್ನುನೋವು ಮಾತ್ರ. ನಾನೂ ಸ್ಕೂಲಲ್ಲಿ ಎರಡು ವರ್ಷ ಅದೇ ಜಾಗದಲ್ಲಿ ಆಡಿದವನು, ಅದಕ್ಕೇ ಹೇಳ್ತಿದೀನಿ. ಮ್ಯಾಚ್ ಮುಗಿದ ರಾತ್ರಿ ಬಗ್ಗಿ ಚಪ್ಪಲಿ ಎತ್ತೋಕೂ ಆಗ್ತಿರ್ಲಿಲ್ಲ. ಬಗ್ಗಿದ ಬೆನ್ನಲ್ಲೇ ಓಡೋದು ಹಾಕಿ, ಓಡಿ ಬಂದು ಬೆನ್ನು ತಿರುಗಿಸಿ ಎಸೆಯೋದು ಫಾಸ್ಟ್ ಬೌಲಿಂಗ್, ಎರಡೂ ಒಂದೇ ಸೊಂಟ ಕೇಳುತ್ತೆ. ಆ ಸೊಂಟ ವರ್ಷಗಟ್ಟಲೆ ಎರಡೂ ಕೆಲಸ ಮಾಡ್ತು ಅಂದ್ರೆ ಆ ಮನುಷ್ಯನ ಮೈಕಟ್ಟು ಹೇಗಿದ್ದಿರಬೇಕು!

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಹಾಕಿ ಸ್ಟಿಕ್ ಹಿಡಿಯೋವಾಗ ಎಡಗೈ ಮೇಲೆ ಬಲಗೈ ಕೆಳಗೆ, ಬಲಗೈ ಬ್ಯಾಟ್ಸ್‌ಮನ್ ಬ್ಯಾಟ್ ಹಿಡಿಯೋದೂ ಹಾಗೇ, ಆದ್ರೆ ಕ್ರಿಕೆಟ್ಟಲ್ಲಿ ಮೇಲಿನ ಕೈ ಯಜಮಾನ ಆಗಿರ್ಬೇಕು ಅಂತಾರೆ, ಹಾಕಿ ಹುಡುಗರದ್ದು ಕೆಳಗಿನ ಕೈಯದ್ದೇ ದರ್ಬಾರು. ಆಫ್ ಸೈಡಿನ ಬಾಲನ್ನೂ ಎಳ್ಕೊಂಡು ಲೆಗ್ ಸೈಡಿಗೆ ಬಾರಿಸ್ತೀವಿ. ನಮ್ಮ ಪಿಟಿ ಮೇಷ್ಟ್ರು ನೆಟ್ಸಲ್ಲಿ ನನ್ನ ನೋಡಿ "ಏನೋ, ಹಾಕಿ ಆಡ್ತಿದ್ದೀಯೇನೋ ಇಲ್ಲಿ? ಎರಡು ದೋಣಿ ಮೇಲೆ ಕಾಲಿಡಬೇಡ, ನಾಳೆಯೊಳಗೆ ಯಾವುದಾದ್ರೂ ಒಂದು ಆರಿಸ್ಕೊ" ಅಂದ್ರು. ನಾಳೆಯೊಳಗೆ! ನಂಗೆ ಹದಿಮೂರು ವರ್ಷ ಆಗ. ಕ್ರಿಕೆಟ್ ಅಂದೆ. ಮುಂದಿನ ವರ್ಷ ಕ್ರಿಕೆಟ್ ಟೀಮಿಂದಲೂ ತೆಗೆದ್ರು, ಅದು ಬೇರೆ ಕಥೆ, ಅದಕ್ಕೆ ನನ್ನ ಫೀಲ್ಡಿಂಗೇ ಕಾರಣ, ಮೇಷ್ಟ್ರ ತಪ್ಪೇನಿಲ್ಲ. ಅದಿರಲಿ.

ಗೋಪಾಲನ್‌ಗೆ ಹಾಗೆ ನಾಳೆಯೊಳಗೆ ಹೇಳು ಅಂತ ಯಾರೂ ಹೇಳ್ಲಿಲ್ಲ, 1936ರ ತನಕ. 1934ರ ಜನವರೀಲಿ ಕಲ್ಕತ್ತಾದಲ್ಲಿ ಜಾರ್ಡೀನ್ ತಂದಿದ್ದ ಇಂಗ್ಲೆಂಡ್ ಟೀಮಿನ ಎದುರು ಟೆಸ್ಟ್ ಆಡಿದ್ರು, ಒಂದು ವಿಕೆಟ್ಟು ಸಿಕ್ತು. ಅದೇ ವರ್ಷ ನವೆಂಬರಲ್ಲಿ ರಣಜಿಯ ಮೊದಲ ಬಾಲು. ಮುಂದಿನ ವರ್ಷ, 1935ರಲ್ಲಿ, ಭಾರತದ ಹಾಕಿ ಟೀಮಿನ ಜೊತೆ ನ್ಯೂಜಿಲೆಂಡ್ ಟೂರು, ಕ್ಯಾಪ್ಟನ್ ಯಾರು ಗೊತ್ತಲ್ಲ, ಧ್ಯಾನ್ ಚಂದ್. ಆ ಟೂರಲ್ಲಿ ಆಡಿದ್ದು 48 ಮ್ಯಾಚು, ಗೆದ್ದಿದ್ದು 48. ಹೊಡೆದ ಗೋಲು 584, ಅದರಲ್ಲಿ 201 ಧ್ಯಾನ್ ಚಂದ್ ಅವರದ್ದೇ. ಹಡಗಲ್ಲಿ ಹೋಗಿ ಹಡಗಲ್ಲಿ ಬರೋ ಕಾಲ, ಒಂದು ಟೂರು ಅಂದ್ರೆ ತಿಂಗಳುಗಟ್ಟಲೆ. ಹಾಗಾದ್ರೆ ಎರಡು ವರ್ಷದೊಳಗೆ ಈ ಮನುಷ್ಯ ಟೆಸ್ಟ್ ಕ್ರಿಕೆಟ್ ಆಡಿ, ರಣಜಿಗೆ ರಿಬ್ಬನ್ ಕಟ್ ಮಾಡಿ, ಜಗತ್ತಿನ ಅತಿ ದೊಡ್ಡ ಹಾಕಿ ಟೀಮಿನ ಜೊತೆ ಒಂದೂ ಸೋಲಿಲ್ಲದ ಟೂರು ಮುಗಿಸಿದ್ರು. ನಿಮ್ಮ ಬಾಕ್ಸಲ್ಲಿ ಇದ್ಯಾವುದೂ ಇಲ್ಲ. ಚಿನ್ನ ಹೋಯ್ತು ಅನ್ನೋದೊಂದೇ.

ಈಗ ಆ 1936ಕ್ಕೆ ಬರೋಣ. ಬರ್ಲಿನ್ ಒಲಿಂಪಿಕ್ಸ್ ಹಾಕಿ ಟ್ರಯಲ್ಸಿಗೆ ಕರೆ ಬಂತು, ಇಂಗ್ಲೆಂಡ್ ಕ್ರಿಕೆಟ್ ಟೂರಿಗೂ ಹೆಸರು ಬಂತು, ಎರಡೂ ಒಂದೇ ಬೇಸಿಗೇಲಿ. ಗೋಪಾಲನ್ ಕ್ರಿಕೆಟ್ ಅಂದ್ರು. ಗಮನಿಸಿ, ಹಾಕಿ ಕಡೆಯಿಂದ ಬಂದಿದ್ದು ಟ್ರಯಲ್ಸಿನ ಕರೆ. ಯಾರೂ ತಟ್ಟೇಲಿ ಮೆಡಲ್ ಇಟ್ಕೊಂಡು ಬಾಗಿಲ ಹತ್ರ ನಿಂತಿರ್ಲಿಲ್ಲ.

ಈಗ ಕೂತು ತಪ್ಪು ನಿರ್ಧಾರ ಅಂತ ಬರೆಯೋದು ಸುಲಭ, ಉತ್ತರಪತ್ರಿಕೆ ನಮ್ಮ ಕೈಲಿದೆ. ಅವರು ಕೂತಿದ್ದ ಜಾಗದಿಂದ ನೋಡಿ. ಹಾಕೀಲಿ ಭಾರತ ಆಗ್ಲೇ 1928ರಲ್ಲಿ, 1932ರಲ್ಲಿ ಚಿನ್ನ ಗೆದ್ದಾಗಿತ್ತು, 32ರಲ್ಲಿ ಅಮೆರಿಕಾಕ್ಕೆ 24-1 ಹೊಡೆದಿದ್ರು, ಆ ಒಲಿಂಪಿಕ್ಸಲ್ಲಿ ಹಾಕಿಗೆ ಬಂದಿದ್ದೇ ಮೂರು ದೇಶ. ಕ್ರಿಕೆಟ್ಟಲ್ಲೋ, ಭಾರತ ಅಷ್ಟೊತ್ತಿಗೆ ಆಡಿದ್ದೇ ಒಟ್ಟು ನಾಲ್ಕು ಟೆಸ್ಟು, ಅದರಲ್ಲಿ ಒಂದರಲ್ಲಿ ಇವರೇ ಇದ್ರು. ಲಾರ್ಡ್ಸು, ಮ್ಯಾಂಚೆಸ್ಟರ್, ಓವಲ್ ಅಂತ ಮೂರು ಟೆಸ್ಟಿನ ಸೀರೀಸು. ಯಾವುದು ಅಪರೂಪ ಹೇಳಿ? ಗೆದ್ದಿರೋ ಆಟದಲ್ಲಿ ಇನ್ನೊಂದ್ಸಲ ಗೆಲ್ಲೋಕೆ ಹೋಗೋದೋ, ಈಗಷ್ಟೇ ಕಣ್ಣು ಬಿಡ್ತಿರೋ ಆಟದಲ್ಲಿ ಬಾಲ್ ಕೈಲಿ ಹಿಡಿದು ಲಾರ್ಡ್ಸಿಗೆ ಹೋಗೋದೋ? ನಾನಾಗಿದ್ರೂ ಲಾರ್ಡ್ಸೇ ಅಂತಿದ್ದೆ. ನನ್ನ ಫೀಲ್ಡಿಂಗ್ ನೋಡಿ ಯಾರು ಕರೀತಿದ್ರು ಅದು ಬಿಡಿ.

ಆದ್ರೆ ಆ ಟೂರು ಹೇಗಿತ್ತು ಅಂದ್ರೆ, ಅಂಥ ಗೊಂದಲದ ಟೂರು ಭಾರತದ ಕ್ರಿಕೆಟ್ಟಲ್ಲಿ ಇನ್ನೊಂದು ಸಿಗೋದು ಕಷ್ಟ. ಕ್ಯಾಪ್ಟನ್ ವಿಜಯನಗರಂನ ಮಹಾರಾಜಕುಮಾರ, ಎಲ್ಲರ ಬಾಯಲ್ಲಿ ವಿಜ್ಜಿ. ಮೂರು ಟೆಸ್ಟಲ್ಲಿ ಆರು ಇನಿಂಗ್ಸು ಆಡಿ ಅವರು ಹೊಡೆದಿದ್ದು ಒಟ್ಟು 33 ರನ್. ಟೂರಿನ ಮಧ್ಯದಲ್ಲಿ ಅವರಿಗೆ ಸರ್ ಪದವಿ ಬೇರೆ ಸಿಕ್ತು. ಒಳ್ಳೆ ಫಾರ್ಮಲ್ಲಿದ್ದ ಲಾಲಾ ಅಮರನಾಥ್ ಅವರನ್ನ ಮೊದಲ ಟೆಸ್ಟಿಗೂ ಮುಂಚೆ ಶಿಸ್ತಿನ ಹೆಸರಲ್ಲಿ ಊರಿಗೆ ವಾಪಸ್ ಕಳಿಸಿದ್ರು. ಟೀಮಲ್ಲಿ ಗುಂಪುಗಾರಿಕೆ, ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ಅಂಥ ಕಡೆ ಮದ್ರಾಸಿನಿಂದ ಬಂದ, ಯಾರ ಬಾಲಾನೂ ಹಿಡಿಯದ ಒಬ್ಬ ಮೀಡಿಯಂ ಫಾಸ್ಟ್ ಬೌಲರ್‌ಗೆ ಜಾಗ ಎಲ್ಲಿ ಬರ್ಬೇಕು? ಹೊಸ ಬಾಲಿಗೆ ನಿಸ್ಸಾರ್ ಮತ್ತು ಅಮರ್ ಸಿಂಗ್ ಇದ್ರು, ಇಬ್ಬರೂ ಅಪ್ಪಟ ಬೌಲರ್‌ಗಳು, ಅದನ್ನೂ ಒಪ್ಕೊಳ್ಬೇಕು. ಗೋಪಾಲನ್‌ಗೆ ಒಂದೂ ಟೆಸ್ಟ್ ಸಿಗ್ಲಿಲ್ಲ.

ಈ ಕಥೇಲಿ ನಂಗೆ ತುಂಬಾ ಚುಚ್ಚೋದು ಒಂದು ತಾರೀಕು. 1936 ಆಗಸ್ಟ್ 15. ಬರ್ಲಿನ್ನಲ್ಲಿ ಹಾಕಿ ಫೈನಲ್ಲು ಹಿಂದಿನ ದಿನ ನಡೀಬೇಕಿತ್ತು, ಮಳೆ ಬಂದು ಒಂದು ದಿನ ಮುಂದಕ್ಕೆ ಹೋಯ್ತು. ಹಾಗಾಗಿ ಆಗಸ್ಟ್ 15ರಂದು ಬರ್ಲಿನ್ನಲ್ಲಿ ಧ್ಯಾನ್ ಚಂದ್ ಟೀಮು ಜರ್ಮನಿಗೆ 8-1 ಬಾರಿಸ್ತಾ ಇದ್ರೆ, ಅದೇ ದಿನ ಲಂಡನ್ನಿನ ಓವಲಲ್ಲಿ ಮೂರನೇ ಟೆಸ್ಟ್ ಶುರುವಾಗಿ ಇಂಗ್ಲೆಂಡಿನ ಹ್ಯಾಮಂಡ್ ನಮ್ಮ ಬೌಲರ್‌ಗಳನ್ನ ಚಚ್ಚೋಕೆ ನಿಂತಿದ್ರು, ಅವರು ನಿಲ್ಲಿಸಿದ್ದು 217ಕ್ಕೆ. ಗೋಪಾಲನ್ ಎರಡೂ ಕಡೆ ಆಡ್ತಿರ್ಲಿಲ್ಲ. ಹಿಂದಿನ ವರ್ಷ ಜೊತೇಲಿ ಆಡಿದ ಗೆಳೆಯರು ಒಂದು ಊರಲ್ಲಿ ಗೆಲ್ತಾ, ಈ ವರ್ಷದ ಜೊತೆಗಾರರು ಇನ್ನೊಂದು ಊರಲ್ಲಿ ಸೋಲ್ತಾ.

ಇಷ್ಟು ಹೇಳಿ ನಿಲ್ಲಿಸಿದ್ರೆ ನಾನೂ ನಿಮ್ಮ ಬಾಕ್ಸಿನ ಕಥೇನೇ ಹೇಳಿದ ಹಾಗಾಗುತ್ತೆ. ಅದೇ ಟೂರಲ್ಲಿ, ಅದೇ ಮದ್ರಾಸಿನಿಂದ ಬಂದ ಇನ್ನೊಬ್ಬ ಎರಡಾಟದ ಮನುಷ್ಯ ಇದ್ರು, ಕೋಟಾ ರಾಮಸ್ವಾಮಿ. ಇವರನ್ನ ನಿಮ್ಮ ಪುಟದಲ್ಲಿ ಹುಡುಕಿದೆ, ಹೆಸರೇ ಇಲ್ಲ! ಮದ್ರಾಸಿನ ಕ್ರಿಕೆಟ್ಟಿನ ಪಿತಾಮಹ ಅಂತ ಕರೆಸ್ಕೊಳೋ ಬುಚ್ಚಿಬಾಬು ಅವರ ಮಗ. 1922ರಲ್ಲಿ ಭಾರತದ ಪರವಾಗಿ ಡೇವಿಸ್ ಕಪ್ ಟೆನಿಸ್ ಆಡಿದವರು. ಹದಿನಾಲ್ಕು ವರ್ಷ ಆದ್ಮೇಲೆ, ನಲವತ್ತು ದಾಟಿದ ಮೇಲೆ, 1936ರ ಮ್ಯಾಂಚೆಸ್ಟರ್ ಟೆಸ್ಟಲ್ಲಿ ಮೊದಲ ಸಲ ಟೆಸ್ಟ್ ಕ್ರಿಕೆಟ್ಟಿಗೆ ಇಳಿದ್ರು. ನಲವತ್ತಕ್ಕೆ ಡೆಬ್ಯೂ! ಮೊದಲ ಇನಿಂಗ್ಸಲ್ಲಿ 40, ಎರಡನೇದರಲ್ಲಿ 60. ಆಮೇಲೆ ಓವಲಲ್ಲಿ 29 ಮತ್ತು ಔಟಾಗದೆ 41. ಎರಡು ಟೆಸ್ಟು, 170 ರನ್, ಸರಾಸರಿ 56 ದಾಟುತ್ತೆ, ಆಮೇಲೆ ಟೆಸ್ಟೇ ಆಡ್ಲಿಲ್ಲ. ಒಂದೇ ಟೀಮು, ಒಂದೇ ಕ್ಯಾಪ್ಟನ್, ಒಬ್ಬರಿಗೆ ನಲವತ್ತನೇ ವಯಸ್ಸಲ್ಲಿ ಬಾಗಿಲು ತೆರೀತು, ಇನ್ನೊಬ್ಬರಿಗೆ ಇಪ್ಪತ್ತೇಳನೇ ವಯಸ್ಸಲ್ಲೇ ಮುಚ್ತು. ಇದರಲ್ಲಿ ಆಯ್ಕೆ ಸರಿನಾ ತಪ್ಪಾ ಅಂತ ಹೇಳೋಕೆ ಏನಿದೆ ಹೇಳಿ. ಅಂದಹಾಗೆ ರಾಮಸ್ವಾಮಿಯವರ ಕೊನೆ ಇನ್ನೂ ವಿಚಿತ್ರ, 1985ರ ಅಕ್ಟೋಬರಲ್ಲಿ, 89ನೇ ವಯಸ್ಸಲ್ಲಿ, ಮನೆಯಿಂದ ಹೊರಗೆ ಹೋದವರು ವಾಪಸ್ ಬರ್ಲೇ ಇಲ್ಲ. ಅವರ ಬಗ್ಗೆ ಒಂದು ಪೂರ್ತಿ ಲೇಖನ ನೀವು ಬರೆಸ್ಲೇಬೇಕು.

ಎರಡಾಟದವರ ಪಟ್ಟೀಲಿ ಚುನಿ ಗೋಸ್ವಾಮಿಗೂ ಎರಡೇ ಸಾಲು ಕೊಟ್ಟಿದ್ದೀರಿ, ಅದೂ ಫುಟ್‌ಬಾಲ್ ಮಾತ್ರ. 1962ರ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ಚಿನ್ನ ಗೆದ್ದ ಟೀಮಿನ ಕ್ಯಾಪ್ಟನ್ ಅನ್ನೋದು ಎಲ್ರಿಗೂ ಗೊತ್ತು. ಅದೇ ಮನುಷ್ಯ 1966ರಲ್ಲಿ ಇಂದೋರಲ್ಲಿ ಸೋಬರ್ಸ್ ಅವರ ವೆಸ್ಟ್ ಇಂಡೀಸ್ ಟೀಮಿನ ಎದುರು ಒಂದೇ ಮ್ಯಾಚಲ್ಲಿ ಎಂಟು ವಿಕೆಟ್ ತೆಗೆದು ಆ ಟೀಮಿನ ಇನಿಂಗ್ಸ್ ಸೋಲಿಗೆ ಕಾರಣ ಆದ್ರು, ಆಮೇಲೆ ಬಂಗಾಳವನ್ನ ರಣಜಿ ಫೈನಲ್ ತನಕ ಕ್ಯಾಪ್ಟನ್ ಆಗಿ ಕರ್ಕೊಂಡು ಹೋದ್ರು. ಅವರು ಇಂಟರ್‌ನ್ಯಾಷನಲ್ ಫುಟ್‌ಬಾಲ್ ಬಿಟ್ಟಿದ್ದು ಇನ್ನೂ ಇಪ್ಪತ್ತೇಳು ತುಂಬೋ ಸುಮಾರಿಗೆ. ಒಂದು ಆಟದಿಂದ ರಿಟೈರ್ ಆಗಿ ಇನ್ನೊಂದಕ್ಕೆ ಫುಲ್ ಟೈಮ್ ಇಳಿಯೋದು ಒಂಥರ, ಗೋಪಾಲನ್ ತರ ಎರಡನ್ನೂ ಒಟ್ಟಿಗೆ ಉಸಿರು ಹಿಡ್ಕೊಂಡು ಆಡೋದು ಇನ್ನೊಂಥರ. ಎರಡನೇದು ಹೆಚ್ಚು ಕಷ್ಟ ಅಂತ ನನ್ನ ಲೆಕ್ಕ. ಈಗಿನ ಕಾಲದಲ್ಲಿ ಅದಕ್ಕೆ ಹತ್ತಿರ ಬಂದವರು ಆಸ್ಟ್ರೇಲಿಯಾದ ಎಲಿಸ್ ಪೆರ್ರಿ ಒಬ್ಬರೇ ಇರ್ಬೇಕು, 2007ರಲ್ಲಿ ಹದಿನಾರನೇ ವಯಸ್ಸಿಗೆ ಎರಡೇ ವಾರದ ಅಂತರದಲ್ಲಿ ಕ್ರಿಕೆಟ್ಟಿಗೂ ಫುಟ್‌ಬಾಲಿಗೂ ದೇಶದ ಜರ್ಸಿ ಹಾಕಿದ್ರು, 2011ರ ಫುಟ್‌ಬಾಲ್ ವರ್ಲ್ಡ್ ಕಪ್ಪಲ್ಲಿ ಸ್ವೀಡನ್ ಎದುರು ಗೋಲೂ ಹೊಡೆದ್ರು. ಅವರಿಗೂ ಕೊನೆಗೆ ಕ್ಲಬ್ಬಿನವರ ಜೊತೆ ಇದೇ ಜಗ್ಗಾಟ, ಈ ಮ್ಯಾಚೋ ಆ ಮ್ಯಾಚೋ ಅಂತ, ಫುಟ್‌ಬಾಲ್ ನಿಧಾನಕ್ಕೆ ಬಿಟ್ಟುಹೋಯ್ತು. ನಮ್ಮ ಪಿಟಿ ಮೇಷ್ಟ್ರು ಎಲ್ಲಾ ದೇಶದಲ್ಲೂ ಇದ್ದಾರೆ ಅಂತಾಯ್ತು.

1936 ಆದ್ಮೇಲೆ ಗೋಪಾಲನ್ ಮುಖ ಸಣ್ಣ ಮಾಡ್ಕೊಂಡು ಮನೇಲಿ ಕೂರ್ಲಿಲ್ಲ ಅನ್ನೋದನ್ನೂ ಹೇಳ್ಬೇಕು. ಮದ್ರಾಸಿಗೆ ಆಡ್ತಾನೇ ಇದ್ರು, ಕ್ಯಾಪ್ಟನ್ ಆದ್ರು, ಆಮೇಲೆ ನ್ಯಾಷನಲ್ ಸೆಲೆಕ್ಟರ್ ಕೂಡ ಆದ್ರು. ತನಗೆ ಒಂದು ಟೂರಲ್ಲಿ ಅನ್ಯಾಯ ಆದ ಮನುಷ್ಯ ಬೇರೆಯವರನ್ನ ಆರಿಸೋ ಕುರ್ಚೀಲಿ ಕೂತಾಗ ಮನಸ್ಸಲ್ಲಿ ಏನೇನು ಬಂದಿರಬಹುದು ಅಂತ ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ. 1952-53ರಿಂದ ಮದ್ರಾಸಿಗೂ ಸಿಲೋನಿಗೂ ಅವರ ಹೆಸರಲ್ಲೇ ಗೋಪಾಲನ್ ಟ್ರೋಫಿ ಶುರುವಾಯ್ತು. ಶ್ರೀಲಂಕಾಗೆ ಇನ್ನೂ ಟೆಸ್ಟ್ ಮಾನ್ಯತೆ ಇಲ್ಲದ ಕಾಲ ಅದು, ಅಲ್ಲಿನ ಹುಡುಗರಿಗೆ ಫಸ್ಟ್‌ಕ್ಲಾಸ್ ಕ್ರಿಕೆಟ್ ಸಿಗ್ತಿದ್ದ ಕೆಲವೇ ಕೆಲವು ದಾರೀಲಿ ಅದೂ ಒಂದು, ವರ್ಷಗಟ್ಟಲೆ ನಡೀತು. ಬದುಕಿರೋವಾಗ್ಲೇ ತನ್ನ ಹೆಸರಿನ ಟ್ರೋಫಿಗೆ ಎರಡು ದೇಶದವರು ಬಡಿದಾಡೋದನ್ನ ನೋಡಿದವರು ಎಷ್ಟು ಜನ ಸಿಗ್ತಾರೆ? 2003ರ ಡಿಸೆಂಬರ್ 21ಕ್ಕೆ ತೀರ್ಕೊಂಡ್ರು, 94 ವರ್ಷ. ಆಗ ಬದುಕಿದ್ದ ಭಾರತದ ಟೆಸ್ಟ್ ಆಟಗಾರರಲ್ಲಿ ಅವರೇ ಎಲ್ರಿಗಿಂತ ಹಿರಿಯರು.

ಹಾಗಾಗಿ ಸಂಪಾದಕರೇ, ನಂದು ಎರಡು ಕೋರಿಕೆ. ಒಂದು, ಮುಂದಿನ ಭಾನುವಾರ ಅದೇ ಪುಟದಲ್ಲಿ, ಅದೇ ಮೂಲೇಲಿ ಆದ್ರೂ ಪರವಾಗಿಲ್ಲ, ಗೋಪಾಲನ್ ಬಗ್ಗೆ ಇನ್ನೊಂದು ಬಾಕ್ಸ್ ಹಾಕಿ, ಹೆಡ್ಡಿಂಗಲ್ಲಿ ಚಿನ್ನ ಬೇಡ, ಬಾಲು ಇರಲಿ. ಎರಡು, ಶನಿವಾರದ ಮಕ್ಕಳ ಕ್ವಿಜ್ಜಲ್ಲಿ ಪ್ರತಿ ವರ್ಷ ರಣಜಿ ಶುರುವಾಗೋವಾಗ ಅತಿ ಹೆಚ್ಚು ಸಲ ಗೆದ್ದವರು ಯಾರು ಅಂತ ಅದೇ ಪ್ರಶ್ನೆ ಕೇಳ್ತೀರಿ, ಮುಂಬೈ ಅಂತ ಮಕ್ಕಳು ನಿದ್ದೇಲೂ ಹೇಳ್ತಾವೆ. ಈ ಸಲ ಮೊದಲ ಬಾಲ್ ಹಾಕಿದ್ದು ಯಾರು, ಎದುರಿಸಿದ್ದು ಯಾವ ಟೀಮಿನವರು ಅಂತ ಕೇಳಿ ನೋಡಿ. ಸರಿಯುತ್ತರ ಬರೆದ ಮಗುವಿಗೆ ಬಹುಮಾನದ ಖರ್ಚು ನಂದು. ಮೈಸೂರಿನ 48 ಆಲೌಟ್ ಅನ್ನೋದನ್ನೂ ಸೇರಿಸಿ ಬರೆದಿದ್ರೆ ಡಬಲ್.

ಇಂತಿ,
ನಿಮ್ಮ ಹಳೇ ಓದುಗ, ಮಾಜಿ ಸೆಂಟರ್ ಹಾಫ್